ಊರ ಹೊರಗಿನ ಬಡಾವಣೆಯಲ್ಲಿ ಒಳ್ಳೆ ಪಿಜ್ಜಾ ಹುಡುಕುವುದು ಹೇಗೆ?

ಓದುಗರ ಪ್ರಶ್ನೆ: ನಾವು ಈಚೆಗೆ ನಗರದ ಹೊರಗಿನ ಬಡಾವಣೆಗೆ ಮನೆ ಬದಲಾಯಿಸಿದೆವು. ಮೊದಲಿದ್ದ ಕಡೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಒಳ್ಳೆ ಪಿಜ್ಜಾ ಸಿಗುತ್ತಿತ್ತು. ಇಲ್ಲಿ ಆ್ಯಪ್ ತೆರೆದರೆ ಅವೇ ನಾಲ್ಕು ದೊಡ್ಡ ಕಂಪನಿಗಳ ಹೆಸರು. ಇಲ್ಲಿನವರೇ ನಡೆಸುವ ಒಳ್ಳೆ ಅಂಗಡಿ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಪ್ರತಿ ಸಲ ದುಡ್ಡು ಕೊಟ್ಟು ತಿಂದೇ ನೋಡಬೇಕಾ?

ಉತ್ತರ: ಕೊನೆಗೆ ತಿಂದು ನೋಡಲೇಬೇಕು. ಆದರೆ ತಿನ್ನುವ ಮೊದಲೇ ಎಷ್ಟೋ ಅಂಗಡಿಗಳನ್ನು ಪಟ್ಟಿಯಿಂದ ಕೈಬಿಡಬಹುದು. ಅದಕ್ಕೆ ಒಂದೇ ಪ್ರಶ್ನೆ ಸಾಕು: "ಹಿಟ್ಟು ಯಾವಾಗ ಕಲಸಿದ್ದು?"

ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದೂ ಮನೆ ಬದಲಾಯಿಸಿದ ಮೇಲೆಯೇ. ಒಂದು ಸಂಜೆ ಔಷಧಿ ತರಲು ಹೋದಾಗ ಪಕ್ಕದ ಚಿಕ್ಕ ಅಂಗಡಿಯಿಂದ ಬ್ರೆಡ್ ಬೇಯುವ ವಾಸನೆ ಬಂತು. ಒಳಗೆ ನಾಲ್ಕೇ ಮೇಜು. ಗಾಜಿನ ಆಚೆ ಒಬ್ಬರು ಟ್ರೇಯಿಂದ ಹಿಟ್ಟಿನ ಉಂಡೆ ಎತ್ತುತ್ತಿದ್ದರು. ಉಂಡೆ ಅಂದರೂ ಗುಂಡಗಿರಲಿಲ್ಲ. ಮೆತ್ತಗೆ ಅಗಲಕ್ಕೆ ಹರಡಿಕೊಂಡಿತ್ತು, ಮೇಲೆ ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಲಟ್ಟಣಿಗೆ ಹತ್ತಿರಕ್ಕೂ ಬರಲಿಲ್ಲ. ಬೆರಳ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋದರು. ಸುತ್ತ ಒಂದು ಬೆರಳಗಲ ಅಂಚನ್ನು ಮಾತ್ರ ಮುಟ್ಟಲಿಲ್ಲ. ನಡುವೆ ಇದ್ದ ಗಾಳಿಯೆಲ್ಲ ಆ ಅಂಚಿಗೆ ಸರಿದು ಅದು ಉಬ್ಬಿಕೊಂಡಿತು. ಯಾವಾಗ ಕಲಸಿದ್ದು ಅಂತ ಕೇಳಿದೆ. ಕೈ ನಿಲ್ಲಿಸದೆ, "ಮೊನ್ನೆ ರಾತ್ರಿ. ಮಧ್ಯಾಹ್ನ ಫ್ರಿಜ್ಜಿಂದ ಹೊರಗೆ ತೆಗೆದಿಟ್ಟೆ" ಅಂದರು. ಅವತ್ತಿನಿಂದ ನಾನು ಆ ಅಂಗಡಿಯ ಖಾಯಂ ಗಿರಾಕಿ.

ಹಿಟ್ಟಿಗೇ ಯಾಕೆ ಇಷ್ಟು ಮಹತ್ವ? ಚೀಸ್, ಟೊಮೆಟೊ, ಮೇಲೆ ಹಾಕುವ ಮಿಕ್ಕಿದ್ದೆಲ್ಲ ಯಾರು ಬೇಕಾದರೂ ಹೊರಗಿಂದ ಕೊಂಡು ತರಬಹುದು. ಹಿಟ್ಟನ್ನು ಮಾತ್ರ ಅಂಗಡಿಯವರೇ ಕಾದು, ನೋಡಿ, ಹದ ಮಾಡಬೇಕು. ಯೀಸ್ಟ್ ಜಾಸ್ತಿ ಹಾಕಿ ಬೆಚ್ಚಗಿಟ್ಟರೆ ಹಿಟ್ಟು ಒಂದೆರಡು ಗಂಟೆಯಲ್ಲೇ ಉಬ್ಬುತ್ತದೆ, ನಿಜ. ಆದರೆ ಉಬ್ಬುವುದು ಬೇರೆ, ರುಚಿ ಬರುವುದು ಬೇರೆ. ಯೀಸ್ಟ್ ಕಡಿಮೆ ಹಾಕಿ 24ರಿಂದ 72 ಗಂಟೆ ತಣ್ಣಗೆ ಇಟ್ಟರೆ ಹುದುಗು ನಿಧಾನಕ್ಕೆ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಹಿಟ್ಟಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಒಲೆಗೆ ಹೋದಾಗ ಆ ಸಕ್ಕರೆಯಿಂದಲೇ ಅಂಚಿಗೆ ಒಳ್ಳೆ ಕಂದು ಬಣ್ಣ ಬರುತ್ತದೆ. ಒಂದು ಸಣ್ಣ ಹುಳಿ, ಒಂದು ಘಮ ಕೂಡ ಸೇರಿಕೊಳ್ಳುತ್ತದೆ. ಅವಸರದ ಹಿಟ್ಟಿನಲ್ಲಿ ಇದು ಯಾವುದೂ ಇರುವುದಿಲ್ಲ. ಬಿಸಿ ಆರುತ್ತಿದ್ದಂತೆ ಅದು ರಬ್ಬರ್ ಆಗುತ್ತದೆ.

ಹಾಗಾಗಿ ಕೇಳಿ. ಹಿಟ್ಟನ್ನು ಸ್ವಂತ ಮಾಡುವವರು ಈ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ, ಒಂದಕ್ಕೆ ಎರಡು ಮಾತು ಹೆಚ್ಚೇ ಹೇಳುತ್ತಾರೆ. "ಎಲ್ಲಾ ಫ್ರೆಶ್ಶೇ" ಅಂತ ತೇಲಿಸಿದರೆ ನಾನು ಅಲ್ಲಿಂದ ಎದ್ದು ಬರುತ್ತೇನೆ. "ಇವತ್ತಿನ ಹಿಟ್ಟು ಮುಗೀತು, ನಾಳೆ ಬನ್ನಿ" ಅಂದರೆ ಬೇಜಾರಾಗಬೇಡಿ. ದಿನಕ್ಕೆ ಇಂತಿಷ್ಟು ಅಂತ ಲೆಕ್ಕ ಹಾಕಿ ಹಿಟ್ಟು ಕಲಸುವವರು ಹೇಳುವ ಮಾತು ಅದು. ನಾಳೆ ಖಂಡಿತ ಹೋಗಿ.

ಹಿಟ್ಟು ಬಿಟ್ಟರೆ ಮುಂದಿನದು ಒಲೆ. ಇಟಲಿಯ ನೇಪಲ್ಸ್‌ನಲ್ಲಿ 1984ರಲ್ಲಿ ಶುರುವಾದ ಪಿಜ್ಜಾ ಮಾಡುವವರ ಸಂಘದ ನಿಯಮದಂತೆ, ಅಲ್ಲಿನ ಪದ್ಧತಿಯ ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು. ಅದಕ್ಕೆ 400 ಡಿಗ್ರಿ ಸೆಲ್ಸಿಯಸ್ ಮೀರಿದ ಒಲೆಯೇ ಬೇಕು. ಕಲ್ಲಿನ ತಳದ ಡೆಕ್ ಅವನ್‌ನಲ್ಲಿ ಸುಮಾರು 300 ಡಿಗ್ರಿ ಶಾಖ ಇರುತ್ತದೆ. ದೊಡ್ಡ ಕಂಪನಿಗಳಲ್ಲಿ ಕಾಣುವ ಚಲಿಸುವ ಪಟ್ಟಿಯ ಅವನ್‌ನಲ್ಲಿ ಶಾಖ ಇನ್ನೂ ಕಡಿಮೆ, 250 ಡಿಗ್ರಿ ಆಸುಪಾಸು. ಪಿಜ್ಜಾ ಒಂದು ತುದಿಯಲ್ಲಿ ಒಳಗೆ ಹೋಗಿ ಐದಾರು ನಿಮಿಷಕ್ಕೆ ಇನ್ನೊಂದು ತುದಿಯಲ್ಲಿ ಹೊರಗೆ ಬರುತ್ತದೆ. ಶಾಖ ಕಡಿಮೆ ಇದ್ದಷ್ಟೂ ಹೊತ್ತು ಜಾಸ್ತಿ, ಹೊತ್ತು ಜಾಸ್ತಿಯಾದಷ್ಟೂ ಹಿಟ್ಟು ಒಣಗುತ್ತದೆ. ಹಾಗಂತ "ಸೌದೆ ಒಲೆ" ಅನ್ನುವ ಬೋರ್ಡಿಗೆ ಸೋಲಬೇಡಿ. ಅಂಥ ಬೋರ್ಡಿನ ಒಂದು ಅಂಗಡಿಯಲ್ಲಿ ನನಗೆ ಸಿಕ್ಕಿದ್ದು ಮೇಲೆ ಸೀದು, ನಡುವೆ ಹಸಿಯಾಗಿದ್ದ ಪಿಜ್ಜಾ. ಒಲೆಯಲ್ಲಿ ಉರಿ ಜೋರಾಗಿತ್ತು, ತಳದ ಕಲ್ಲು ಕಾದಿರಲಿಲ್ಲ. ಒಳ್ಳೆ ಕೈಗೆ ಗ್ಯಾಸ್ ಒಲೆಯಾದರೂ ನಡೆಯುತ್ತದೆ, ಕರೆಂಟಿನದಾದರೂ ನಡೆಯುತ್ತದೆ.

ಇನ್ನು ಬಡಾವಣೆಯ ಸಮಸ್ಯೆ. ಇಲ್ಲಿ ಮನೆಗಳು ದೂರ ದೂರ. ಅಂಗಡಿಗೆ ನಡೆದು ಬರುವವರಿಗಿಂತ ಮನೆಗೆ ತರಿಸಿಕೊಳ್ಳುವವರೇ ಹೆಚ್ಚು. ಅದಕ್ಕೇ ಅರ್ಧ ಗಂಟೆ ಡಬ್ಬಿಯೊಳಗೆ ಕೂತರೂ ಕೆಡದಂಥ ಪಿಜ್ಜಾ ಮಾಡುವವರು ಇಲ್ಲಿ ಬೇಗ ನೆಲೆಯೂರುತ್ತಾರೆ. ಅದು ದಪ್ಪಗಿರುತ್ತದೆ, ಸ್ವಲ್ಪ ಸಿಹಿ ಇರುತ್ತದೆ, ಎಣ್ಣೆಯೂ ಜಾಸ್ತಿ. ಹದವಾಗಿ ಬೆಂದ ತೆಳು ಪಿಜ್ಜಾಗೆ ಡಬ್ಬಿಯೇ ಶತ್ರು. ಮುಚ್ಚಳ ಹಾಕಿದ ಕೂಡಲೇ ಹಬೆ ಹೊರಗೆ ಹೋಗಲಾರದೆ ತಳಕ್ಕೆ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಗರಿಗರಿ ತಳ ಮೆತ್ತಗಾಗುತ್ತದೆ. ಬಡಾವಣೆಯ ಎಷ್ಟೋ ಅಂಗಡಿಗಳಿಗೆ ಕೆಟ್ಟ ಹೆಸರು ಬಂದಿದ್ದು ಒಲೆಯಿಂದಲ್ಲ, ದಾರಿಯಿಂದ ಅಂತ ನನ್ನ ನಂಬಿಕೆ. ಆದ್ದರಿಂದ ಮೊದಲ ಸಲ ಅಲ್ಲೇ ಕೂತು ತಿನ್ನಿ. ತರಿಸಿಕೊಂಡು ತಿಂದು ತೀರ್ಪು ಕೊಟ್ಟರೆ ಆ ಅಂಗಡಿಗೂ ಅನ್ಯಾಯ, ನಿಮಗೂ ನಷ್ಟ.

ಹುಡುಕುವಾಗಲೂ ಆ್ಯಪ್ ಒಂದನ್ನೇ ನಂಬಬೇಡಿ. ಕಮಿಷನ್ ಕೊಡಲಾಗದೆ ಅದರಲ್ಲಿ ಸೇರದ ಚಿಕ್ಕ ಅಂಗಡಿಗಳಿರುತ್ತವೆ. ನಕಾಶೆಯಲ್ಲಿ ಹುಡುಕಿ, ಗಿರಾಕಿಗಳೇ ತೆಗೆದು ಹಾಕಿದ ಫೋಟೊ ನೋಡಿ. ಅಂಗಡಿಯವರ ಫೋಟೊದಲ್ಲಿ ಚೀಸ್ ಎಳೆ ಎಳೆಯಾಗಿ ಜೋತಾಡುತ್ತಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಅಂಚು. ಒಂದು ಕಡೆ ಜಾಸ್ತಿ ಉಬ್ಬಿ, ಒಂದು ಕಡೆ ಕಡಿಮೆ ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ಕೈಯಲ್ಲಿ ತಟ್ಟಿದ ಹಿಟ್ಟು. ಅಳತೆ ಇಟ್ಟಂತೆ ಎಲ್ಲಾ ಕಡೆ ಒಂದೇ ಸಮ, ಒಂದೇ ಬಣ್ಣ ಇದ್ದರೆ ಯಂತ್ರದಲ್ಲಿ ಒತ್ತಿದ್ದಿರಬಹುದು. ಮೆನು ಕೂಡ ನೋಡಿ. 60 ಬಗೆ ಪಿಜ್ಜಾ, ಜೊತೆಗೆ ಪಾಸ್ತಾ, ಬರ್ಗರ್, ನೂಡಲ್ಸ್ ಎಲ್ಲಾ ಇದ್ದರೆ ಹಿಟ್ಟಿನ ಕಡೆ ಗಮನ ಕೊಡಲು ಅಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.

ಹೋಗಲು ವಾರದ ನಡುವಿನ ಸಂಜೆ ಒಳ್ಳೆಯದು. ಶನಿವಾರ ರಾತ್ರಿ ಒಂದರ ಹಿಂದೆ ಒಂದು ಪಿಜ್ಜಾ ಇಟ್ಟೂ ಇಟ್ಟೂ ಒಲೆಯ ಕಲ್ಲು ತಣ್ಣಗಾಗುತ್ತದೆ. ಆಗ ಒಳ್ಳೆಯವರ ಕೈಯಲ್ಲೂ ತಳ ಬಿಳಿಚಿಕೊಳ್ಳುತ್ತದೆ.

ಮೊದಲ ಸಲ ಮಾರ್ಗರೀಟಾ ಹೇಳಿ. ಸುಮ್ನೆ ಟೊಮೆಟೊ, ಚೀಸ್, ನಾಲ್ಕು ತುಳಸಿ ಜಾತಿಯ ಬೇಸಿಲ್ ಎಲೆ. ತಪ್ಪು ಮುಚ್ಚಿಡಲು ಅದರಲ್ಲಿ ಜಾಗವೇ ಇಲ್ಲ. ಬಂದ ಕೂಡಲೇ ಒಂದು ತುಂಡು ಎತ್ತಿ ಅಡಿ ನೋಡಿ. ಕಂದು ಬಣ್ಣದ ಮೇಲೆ ಕಪ್ಪು ಮಚ್ಚೆ ಇದ್ದರೆ ಕಲ್ಲಿನ ಮೇಲೆ ಬೆಂದಿದೆ. ಬಲೆಯ ಗೆರೆ ಮೂಡಿದ್ದರೆ ಜಾಲರಿ ಮೇಲಿಟ್ಟು ಬೇಯಿಸಿದ್ದಾರೆ. ಅಂಚನ್ನು ಮುರಿದರೆ ಒಳಗೆ ದೊಡ್ಡದು ಚಿಕ್ಕದು ತೂತುಗಳು ಕಾಣಬೇಕು. ಆಮೇಲೆ ಸಾಸ್‌ನ ಕೆಳಗಿನ ಪದರ ನೋಡಿ. ಅಲ್ಲಿ ಅಂಟಂಟಾದ ಬಿಳಿ ಗೆರೆ ಇದ್ದರೆ ಹಿಟ್ಟು ಪೂರ್ತಿ ಬೆಂದಿಲ್ಲ. ಚೀಸ್ ಅಂಗಡಿಯಲ್ಲೇ ತುರಿದಿದ್ದರೆ ನಯವಾಗಿ ಕರಗಿ ಕೂಡಿಕೊಳ್ಳುತ್ತದೆ. ತುರಿದೇ ಬರುವ ಪ್ಯಾಕೆಟ್ ಚೀಸ್‌ನಲ್ಲಿ ಎಳೆಗಳು ಅಂಟದಿರಲಿ ಅಂತ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ, ಅದು ಅಷ್ಟು ಚೆನ್ನಾಗಿ ಕರಗುವುದಿಲ್ಲ. ಪಕ್ಕದ ಮೇಜುಗಳನ್ನೂ ಒಮ್ಮೆ ನೋಡಿ. ಜನ ಅಂಚನ್ನು ತಟ್ಟೆಯಲ್ಲಿ ಬಿಟ್ಟು ಹೋಗಿದ್ದಾರಾ, ತಿಂದು ಮುಗಿಸಿದ್ದಾರಾ? ಮಕ್ಕಳೂ ಅಂಚು ಬಿಡದ ಅಂಗಡಿ ಸಿಕ್ಕರೆ ಆಮೇಲೆ ಹುಡುಕಾಟ ಬೇಡ.

ಮನೆಗೇ ತರಬೇಕು ಅಂದರೆ ಬಗೆ ಬದಲಾಯಿಸಿ. ನೇಪಲ್ಸ್ ಪಿಜ್ಜಾದ ನಡುಭಾಗ ಮೊದಲೇ ಮೆದು, ದಾರಿಯಲ್ಲಿ ನೀರಾಗುತ್ತದೆ. ಟ್ರೇಯಲ್ಲಿ ಬೇಯಿಸುವ ದಪ್ಪ ಪಿಜ್ಜಾ ಚೆನ್ನಾಗಿ ತಡೆಯುತ್ತದೆ. 1946ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಚೌಕದ ಪಿಜ್ಜಾ ಅಂಥದ್ದು. ಅದರಲ್ಲಿ ಚೀಸನ್ನು ಟ್ರೇಯ ಗೋಡೆಗೆ ತಾಗುವ ಹಾಗೆ ಹರಡುತ್ತಾರೆ, ಅದು ಅಲ್ಲೇ ಕೆಂಪಗೆ ಗರಿಗರಿಯಾಗಿ ಹತ್ತಿಕೊಳ್ಳುತ್ತದೆ. ಈ ಅಂಚು ಅರ್ಧ ಗಂಟೆ ಆದರೂ ಕೈಕೊಡುವುದಿಲ್ಲ. ಹತ್ತಿರದಲ್ಲಿ ಯಾರಾದರೂ ಮಾಡಿದರೆ ಬಿಡಬೇಡಿ.

ತೆಳು ಪಿಜ್ಜಾನೇ ಬೇಕಾದರೆ ನೀವೇ ಹೋಗಿ ತನ್ನಿ. ಕತ್ತರಿಸದೆ ಕೊಡಿ ಅಂತ ಹೇಳಿ, ಕತ್ತರಿಸಿದ ಕಡೆಯೆಲ್ಲ ಸಾಸ್ ಅಡಿಗೆ ಇಳಿಯುತ್ತದೆ. ದಾರಿಯಲ್ಲಿ ಡಬ್ಬಿಯ ಮುಚ್ಚಳ ಒಂದು ಬೆರಳಷ್ಟು ತೆರೆದಿರಲಿ. ಮನೆಗೆ ಬಂದು ದಪ್ಪ ತಳದ ಬಾಣಲೆ ಕಾಯಿಸಿ, ಎಣ್ಣೆ ಹಾಕದೆ ತುಂಡುಗಳನ್ನು ಇಡಿ. ಉರಿ ಮಧ್ಯಮ, ಎರಡು ನಿಮಿಷ. ತಳ ಗರಿಗರಿಯಾದ ಮೇಲೆ ಬಾಣಲೆಯ ಖಾಲಿ ಜಾಗಕ್ಕೆ ನಾಲ್ಕೈದು ಹನಿ ನೀರು ಹಾಕಿ ತಕ್ಷಣ ಮುಚ್ಚಿ. ಅರ್ಧ ನಿಮಿಷದ ಹಬೆಗೆ ಚೀಸ್ ಮತ್ತೆ ಕರಗುತ್ತದೆ. ಮುಚ್ಚಳ ತೆಗೆದು ಮರದ ಹಲಗೆಗೆ ಹಾಕಿಕೊಳ್ಳಿ, ತಟ್ಟೆಗೆ ಹಾಕಿದರೆ ಅಡಿ ಮತ್ತೆ ಬೆವರುತ್ತದೆ.