ಪುನರ್ರಚನೆ ಅಂದ್ರೆ ಪ್ಲಾಸ್ಟಿಕ್ ಹಾಕುವುದಲ್ಲ

ಕುಂಬಳೆಯ ನಮ್ಮ ನೆರೆಮನೆಯ ಅಕ್ಕ ಮೊನ್ನೆ ಮಂಗಳೂರಿನ ಆಸ್ಪತ್ರೆ ಚೀಟಿ ಹಿಡಿದುಕೊಂಡು ಬಂದರು. ಹತ್ತು ತಿಂಗಳ ಮೊಮ್ಮಗನಿಗೆ ಜನನಾಂಗದ ಆಪರೇಶನ್, ಚೀಟಿಯಲ್ಲಿ ಪ್ಲಾಸ್ಟಿಕ್ ಸರ್ಜರಿ ಎಂದಿದೆ. "ಅಷ್ಟು ಸಣ್ಣ ಮಗುವಿಗೆ ಅಲ್ಲಿ ಪ್ಲಾಸ್ಟಿಕ್ ಹಾಕುವುದಾ ಮಾರಾಯ?"

ಇಲ್ಲ. ಗ್ರೀಕ್ ಮೂಲದ ಆ ಪದಕ್ಕೆ ರೂಪ ಕೊಡುವುದು ಎಂಬ ಅರ್ಥ, ನಮ್ಮ ಬಕೆಟ್ಟಿನ ಪ್ಲಾಸ್ಟಿಕ್ಕಿಗಿಂತ ಹಳೆಯ ಹೆಸರು ಅದು. ಹುಟ್ಟುವಾಗಲೇ ಸರಿಯಾಗಿ ಬೆಳೆಯದ, ಅಥವಾ ಪೆಟ್ಟು, ಸುಟ್ಟಗಾಯ, ಕ್ಯಾನ್ಸರ್‌ನಿಂದ ಹಾಳಾದ ಜನನಾಂಗವನ್ನು ದೇಹದ್ದೇ ಚರ್ಮ, ಪದರ ಬಳಸಿ ಮತ್ತೆ ಕಟ್ಟುವುದೇ ಜನನಾಂಗದ ಪುನರ್ರಚನೆ. ಊರಲ್ಲಿ ನಾಚಿಕೆಗೆ "ಮೂತ್ರದ ಆಪರೇಶನ್" ಅಂತಾರೆ, ಅಷ್ಟೇ.

ಅಕ್ಕನ ಮೊಮ್ಮಗನಿಗೆ ಇರುವುದು ಹೈಪೋಸ್ಪೇಡಿಯಾಸ್. ಮೂತ್ರದ ತೂತು ತುದಿಯಲ್ಲಿರುವ ಬದಲು ಕೆಳಬದಿಯಲ್ಲಿರುತ್ತದೆ, ಕೆಲವರಿಗೆ ಶಿಶ್ನವೂ ಬಾಗಿರುತ್ತದೆ. ಸುಮಾರು 200ರಿಂದ 300 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುವಂಥದ್ದು, ಯಾರ ಪಾಪವೂ ಅಲ್ಲ, ಗ್ರಹಣದ ಕಾಟವೂ ಅಲ್ಲ. ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ ಸರಿಮಾಡುತ್ತಾರೆ. ಮುಂದೆ ಹುಡುಗ ನಿಂತು ನೇರವಾಗಿ ಮೂತ್ರ ಮಾಡಬೇಕು, ದೊಡ್ಡವನಾದ ಮೇಲೆ ಸಂಸಾರಕ್ಕೆ ತೊಂದರೆಯಾಗಬಾರದು, ಅದಕ್ಕೆ.

ಒಂದು ಮಾತು ನಮ್ಮ ಕಾಸರಗೋಡಿನ ಕಡೆ ಜೋರಾಗಿಯೇ ಹೇಳಬೇಕು: ಇಂಥ ಮಗುವಿಗೆ ಡಾಕ್ಟರಿಗೆ ತೋರಿಸದೆ ಸುನ್ನತ್ ಮಾಡಿಸಬೇಡಿ. ಸುನ್ನತ್‌ನಲ್ಲಿ ಕತ್ತರಿಸುವ ಆ ಮುಂದೊಗಲೇ ಹೊಸ ಮೂತ್ರನಾಳ ಕಟ್ಟಲು, ಮೇಲೆ ಹೊದಿಸಲು ಬೇಕಾಗಬಹುದು.

ದೊಡ್ಡವರ ಕಥೆ ಬೇರೆ. ಅಡಿಕೆ ಮರದಿಂದ ಬಿದ್ದೋ, ಬೈಕ್ ಅಪಘಾತದಲ್ಲೋ ಸೊಂಟದ ಮೂಳೆ ಮುರಿದರೆ ಮೂತ್ರನಾಳ ಹರಿದು, ಆಮೇಲೆ ಗಾಯ ಒಣಗುವಾಗ ಕಿರಿದಾಗುವುದುಂಟು. ಕಿರಿದಾದ ಭಾಗ ಚಿಕ್ಕದಿದ್ದರೆ ಅದನ್ನು ಕತ್ತರಿಸಿ ತೆಗೆದು ಎರಡು ತುದಿ ಸೇರಿಸಿ ಹೊಲಿಯುತ್ತಾರೆ. ಬೇರೆ ಕಾರಣಕ್ಕೆ ನಾಳ ಉದ್ದಕ್ಕೂ ಕಿರಿದಾಗಿದ್ದರೆ ಕೆನ್ನೆಯ ಒಳಗಿನ ತೆಳು ಪದರ ತೆಗೆದು ಅಲ್ಲಿ ಹೊಲಿಯುತ್ತಾರೆ! ಬಾಯಿಯ ಪದರಕ್ಕೆ ಒದ್ದೆಯಲ್ಲಿರುವುದು ಅಭ್ಯಾಸ, ಕೂದಲೂ ಇಲ್ಲ. ಕೂದಲಿರುವ ಚರ್ಮ ಇಟ್ಟರೆ ನಾಳದೊಳಗೇ ಕೂದಲು ಬೆಳೆದು ಕಲ್ಲು ಕಟ್ಟುವುದುಂಟು.

ಯೋನಿ ಇಲ್ಲದೆ ಹುಟ್ಟಿದ ಹೆಣ್ಣುಮಕ್ಕಳಿಗೆ, ಕಷ್ಟದ ಹೆರಿಗೆಯಲ್ಲಿ ತೂತಾಗಿ ಮೂತ್ರ ಸೋರುವವರಿಗೆ, ಲಿಂಗ ಬದಲಿಸಿಕೊಳ್ಳುವವರಿಗೂ ಇದೇ ಬಗೆಯ ಶಸ್ತ್ರಕ್ರಿಯೆ ಇದೆ.

ಹೊಲಿಗೆ ಬಿಟ್ಟು ಮೂತ್ರ ಇನ್ನೊಂದು ಕಡೆಯಿಂದ ಸೋರಿ ಎರಡನೇ ಆಪರೇಶನ್ ಬೇಕಾಗುವುದೂ ಇದೆ, ಅದನ್ನೂ ಅಕ್ಕನಿಗೆ ಮುಚ್ಚಿಡಲಿಲ್ಲ. ಆಪರೇಶನ್ ಆದ ಮೇಲೆ ಮಗುವಿಗೆ ಕೆಲವು ದಿನ ಮೂತ್ರ ಹೋಗಲು ಸಣ್ಣ ಪೈಪ್ ಇರುತ್ತದೆ, ಅದರ ತುದಿ ಹೊರಗಿನ ಡಯಾಪರಿಗೆ ಬರುವ ಹಾಗೆ ಒಂದರ ಮೇಲೊಂದು ಎರಡೆರಡು ಡಯಾಪರ್ ಹಾಕಲು ಹೇಳುತ್ತಾರೆ ಎಂದೆ. "ಎರಡೆರಡಾ? ಹಾಗಾದ್ರೆ ದೊಡ್ಡ ಪ್ಯಾಕೇ ತರಬೇಕು" ಎಂದು ಎದ್ದರು.