3 ಕಿಲೋಮೀಟರ್ ಸಾಕಾ, 50 ಬೇಕಾ?

ಅಮೆರಿಕದ ಲೂಸಿಯಾನಾದಲ್ಲಿರುವ ಸಬೀನ್ ಪಾಸ್‌ನಿಂದ ಗೇಲ್ ಕಂಪನಿಯ ಮೊದಲ ಎಲ್‌ಎನ್‌ಜಿ (ತಣಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ) ಹಡಗು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದಾಭೋಳಕ್ಕೆ ಬಂತು. ದಾಭೋಳದಿಂದ ಬೆಂಗಳೂರಿಗೆ ಪೈಪ್‌ಲೈನ್ ಇದೆ. ಹಾಗಾಗಿ ಈ ಗ್ಯಾಸನ್ನು ಹಡಗಿಗೆ ತುಂಬುವ ಅಮೆರಿಕದ ಟರ್ಮಿನಲ್‌ಗಳಿಗೆ ಅನುಮತಿ ಹೇಗೆ ಸಿಗುತ್ತದೆ ಅನ್ನೋದು ನಮಗೂ ಸಂಬಂಧಪಟ್ಟದ್ದೇ.

ಮುಖ್ಯವಾಗಿ ಎರಡು ಕಡೆಯ ಒಪ್ಪಿಗೆ ಬೇಕು. ಟರ್ಮಿನಲ್ ಎಲ್ಲಿ, ಹೇಗೆ ಕಟ್ಟಬೇಕು ಅನ್ನೋದನ್ನು ನೋಡುವುದು ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್, ಅಂದರೆ ಫರ್ಕ್. ಗ್ಯಾಸನ್ನು ಹೊರದೇಶಕ್ಕೆ ಮಾರಬಹುದಾ ಅನ್ನೋದು ಇಂಧನ ಇಲಾಖೆಯ ತೀರ್ಮಾನ. ಅಮೆರಿಕದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಇರುವ ದೇಶಗಳಿಗಾದರೆ ಇದು ಸಲೀಸು. ಭಾರತಕ್ಕೆ ಅಂಥ ಒಪ್ಪಂದ ಇರಲಿಲ್ಲ. ಅಂಥ ದೇಶಗಳ ವಿಷಯದಲ್ಲಿ ಇಲಾಖೆ ಸಾರ್ವಜನಿಕ ಹಿತವನ್ನು ತೂಗಿ ನೋಡುತ್ತದೆ. 2024ರ ಜನವರಿಯಲ್ಲಿ ಬೈಡನ್ ಸರ್ಕಾರ ತಡೆಹಿಡಿದದ್ದು ಈ ಬಗೆಯ ಹೊಸ ಅನುಮತಿಗಳನ್ನೇ.

ಫರ್ಕ್‌ಗೆ ಅರ್ಜಿ ಹಾಕುವ ಕನಿಷ್ಠ 6 ತಿಂಗಳು ಮೊದಲೇ ಪ್ರೀ-ಫೈಲಿಂಗ್, ಅಂದರೆ ಅರ್ಜಿಗೆ ಮುಂಚಿನ ಪರಿಶೀಲನೆ, ಶುರುವಾಗಬೇಕು. ಆಮೇಲೆ ಯೋಜನೆಯ ಪರಿಸರ, ಸುರಕ್ಷತೆ ಕುರಿತ 13 ವರದಿಗಳು. ಸುರಕ್ಷತೆ ನೋಡುವ ನಮ್ಮಂಥ ಎಂಜಿನಿಯರ್‌ಗಳಿಗೆ 13ನೆಯದೇ ದೊಡ್ಡ ಕೆಲಸ. ಮೈನಸ್ 162 ಡಿಗ್ರಿಯಲ್ಲಿರುವ ದ್ರವ ಸೋರಿದರೆ ಆವಿ ಎಷ್ಟು ದೂರ ಹರಡುತ್ತದೆ? ಬೆಂಕಿ ಹತ್ತಿದರೆ ಬೇಲಿಯಾಚೆ ಶಾಖ ಎಷ್ಟಿರುತ್ತದೆ? ಎಲ್ಲವನ್ನೂ ಲೆಕ್ಕ ಹಾಕಿ ತೋರಿಸಬೇಕು. ಹಡಗಿನ ದಾರಿ ಸರಿಯಿದೆಯಾ ಅಂತ ಕೋಸ್ಟ್ ಗಾರ್ಡ್ ಹೇಳಬೇಕು.

ಆದರೆ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಹತ್ತಿರದ ರಿಯೊ ಗ್ರಾಂಡೆ ಟರ್ಮಿನಲ್ ಸಿಕ್ಕಿಕೊಂಡದ್ದು ಬೇರೆಯದೇ ಲೆಕ್ಕದಲ್ಲಿ. ಫರ್ಕ್ ಅದಕ್ಕೆ 2019ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಬಡ ಮತ್ತು ಅಲ್ಪಸಂಖ್ಯಾತ ಜನರ ಮೇಲಿನ ಪರಿಣಾಮವನ್ನು ಅದು ನೋಡಿದ್ದು ಯೋಜನೆಯ ಸುತ್ತ 2 ಮೈಲಿ, ಅಂದರೆ ಸುಮಾರು 3 ಕಿಲೋಮೀಟರ್ ಒಳಗೆ ಮಾತ್ರ. ಗಾಳಿಯ ಮಾಲಿನ್ಯ ಸುಮಾರು 50 ಕಿಲೋಮೀಟರ್‌ವರೆಗೂ ತಟ್ಟಬಹುದು ಅಂತ ಅದೇ ಫರ್ಕ್ ಒಪ್ಪಿಕೊಂಡಿತ್ತು. ಹಾಗಿದ್ದರೆ 3ಕ್ಕೇ ಯಾಕೆ ನಿಲ್ಲಿಸಿದಿರಿ ಅಂತ 2021ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್ ಕೇಳಿತು.

ಫರ್ಕ್ 50 ಕಿಲೋಮೀಟರ್‌ವರೆಗೆ ಮತ್ತೆ ಅಧ್ಯಯನ ಮಾಡಿ 2023ರ ಏಪ್ರಿಲ್‌ನಲ್ಲಿ ಮರು ಒಪ್ಪಿಗೆ ಕೊಟ್ಟಿತು. ಆದರೆ ಆ ಹೊಸ ಅಧ್ಯಯನವನ್ನು ಪೂರಕ ವರದಿಯಾಗಿ ಜನರ ಮುಂದಿಟ್ಟು ಅಭಿಪ್ರಾಯ ಕೇಳಲಿಲ್ಲ. ಇದೂ ಒಂದು ಕಾರಣವಾಗಿ 2024ರ ಆಗಸ್ಟ್‌ನಲ್ಲಿ ಕೋರ್ಟ್ ಒಪ್ಪಿಗೆಯನ್ನೇ ರದ್ದು ಮಾಡಿತು. ಅಷ್ಟರಲ್ಲಿ ಕಟ್ಟಡದ ಕೆಲಸ ಜೋರಾಗಿ ನಡೆದಿತ್ತು! 2025ರ ಮಾರ್ಚ್‌ನಲ್ಲಿ ಕೋರ್ಟ್ ರದ್ದತಿಯನ್ನು ಹಿಂದಕ್ಕೆ ಪಡೆಯಿತು, ಆದರೆ ಬಾಕಿ ಉಳಿದ ಅಧ್ಯಯನವನ್ನು ಬಿಟ್ಟುಕೊಡಲಿಲ್ಲ.

ಪರಿಸರ ವರದಿಯಿಂದಲೇ ತಡವಾಗುತ್ತದೆ ಅಂತ ನಮ್ಮ ವೃತ್ತಿಯಲ್ಲಿ ತುಂಬ ಜನ ಗೊಣಗುತ್ತಾರೆ. ನಾನು ಒಪ್ಪುವುದಿಲ್ಲ. ಇಲ್ಲಿ ವರ್ಷಗಳು ಹೋದದ್ದು ವರದಿ ಬರೆದದ್ದಕ್ಕಲ್ಲ, ಅರ್ಧ ಬರೆದದ್ದಕ್ಕೆ. ಪ್ರೀ-ಫೈಲಿಂಗ್‌ನಲ್ಲೇ 50 ಕಿಲೋಮೀಟರ್‌ನ ನಕ್ಷೆ ಹಾಕಿ ಜನರ ಮುಂದಿಡಬಹುದಿತ್ತು, ಅಲ್ವಾ?

ಅಮೆರಿಕದಲ್ಲಿ ಇಂಥ ಟರ್ಮಿನಲ್ ಪಕ್ಕದಲ್ಲಿ ವಾಸಿಸುವವರಿಗೆ ಒಂದು ಮಾತು. ಸುಮ್ನೆ ಪತ್ರ ಬರೆದರೆ ಸಾಲದು. ಗಡುವಿನೊಳಗೆ 'ಇಂಟರ್‌ವೀನರ್' ಆಗಿ, ಅಂದರೆ ಪ್ರಕರಣದ ಅಧಿಕೃತ ಪಕ್ಷಗಾರರಾಗಿ, ಫರ್ಕ್‌ನಲ್ಲಿ ಹೆಸರು ದಾಖಲಿಸಿ. ಒಪ್ಪಿಗೆಯ ಆದೇಶ ಬಂದರೆ 30 ದಿನದೊಳಗೆ ಮರುವಿಚಾರಣೆಗೆ ಫರ್ಕ್‌ಗೇ ಅರ್ಜಿ ಹಾಕಿ. ಹಾಗೆ ಮಾಡದವರ ದೂರನ್ನು ಕೋರ್ಟ್ ತೆಗೆದುಕೊಳ್ಳುವುದಿಲ್ಲ.