ಎರಡು ದಿನದ ರಜೆಯಲ್ಲಿ ಔಲಿಗೆ ಹೋಗಿ ಸ್ಕೀಯಿಂಗ್ ಕಲಿಯೋಕೆ ಆಗುತ್ತಾ?

ಪ್ರಶ್ನೆ: "ಸರ್, ನಾವು ದಾವಣಗೆರೆಯ ನಾಲ್ಕು ಜನ ಗೆಳೆಯರು. ಎಲ್ಲರಿಗೂ ಮೂವತ್ತೈದು ದಾಟಿದೆ, ಒಬ್ಬರೂ ಹಿಮ ನೋಡಿಲ್ಲ. ಮನಾಲಿ, ಗುಲ್ಮಾರ್ಗ್‌ಗೆ ಎಲ್ಲರೂ ಹೋಗ್ತಾರೆ, ನಾವು ಉತ್ತರಾಖಂಡದ ಔಲಿಗೆ ಹೋಗೋಣ ಅಂತಿದ್ದೇವೆ. ಗಣರಾಜ್ಯೋತ್ಸವದ ರಜೆ ಸೇರಿಸಿಕೊಂಡರೆ ಅಲ್ಲಿ ಎರಡು ದಿನ ಸಿಗುತ್ತೆ. ಅಷ್ಟರಲ್ಲಿ ಸ್ಕೀಯಿಂಗ್ ಕಲಿಯಬಹುದಾ? ಒಬ್ಬನಿಗೆ ಮಂಡಿ ಆಪರೇಶನ್ ಬೇರೆ ಆಗಿದೆ."

ಆಗೋದಿಲ್ಲ. ಎರಡು ದಿನದಲ್ಲಿ ಆಗೋದು ಫೋಟೊ ಮಾತ್ರ. ಆರೇಳು ದಿನ ಕೊಟ್ಟರೆ ಖಂಡಿತ ಕಲಿಯಬಹುದು, ವಯಸ್ಸು ಅಡ್ಡ ಬರೋದಿಲ್ಲ. ನಾನು ಕಲಿತದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಕಲಿತೆ ಅಂದರೆ ಟಿವಿಯಲ್ಲಿ ತೋರಿಸುವ ಹಾಗೆ ಹಾರಿಕೊಂಡು ಬಂದೆ ಅಂತಲ್ಲ, ನಿಲ್ಲೋದನ್ನು ಕಲಿತೆ. ಮೊದಲ ವಾರದಲ್ಲಿ ಕಲಿಯಬೇಕಾದದ್ದೂ ಅದೊಂದೇ. ಜಾರೋದನ್ನು ಯಾರೂ ಹೇಳಿಕೊಡಬೇಕಿಲ್ಲ, ಇಳಿಜಾರು ತಾನೇ ಕಲಿಸಿಬಿಡುತ್ತೆ.

ಮೊದಲು ದಾರಿಯ ಲೆಕ್ಕ ಹಾಕೋಣ, ಯಾಕಂದರೆ ಈ ಪ್ರಶ್ನೆ ಕೇಳುವವರು ಎಡವೋದೇ ಇಲ್ಲಿ. ಔಲಿ ಇರೋದು ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ನೆತ್ತಿಯ ಮೇಲೆ. ಬದರಿ ಯಾತ್ರೆ ಮಾಡಿಬಂದ ನಮ್ಮೂರಿನ ಹಿರಿಯರೆಲ್ಲ ಅದರ ಬುಡದಲ್ಲೇ ಹಾದುಹೋಗಿದ್ದಾರೆ, ತಲೆ ಎತ್ತಿ ನೋಡಿಲ್ಲ ಅಷ್ಟೆ. ನಮ್ಮ ಶೃಂಗೇರಿಯ ಹಾಗೆ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದಾದ ಜ್ಯೋತಿರ್ಮಠ ಇದೇ ಊರಿನದು. ಋಷಿಕೇಶದಿಂದ ಅಲ್ಲಿಗೆ ಸುಮಾರು 250 ಕಿ.ಮೀ. ನಮ್ಮ ಹೈವೇ ಲೆಕ್ಕದಲ್ಲಿ ನಾಲ್ಕು ತಾಸು ಅನ್ನಬೇಡಿ, ಬೆಳಗಿನ ಜಾವ ಹೊರಟರೆ ಸಂಜೆಗೆ ಮುಟ್ಟುತ್ತೀರಿ. ದೇವಪ್ರಯಾಗ, ಶ್ರೀನಗರ (ಕಾಶ್ಮೀರದ್ದಲ್ಲ, ಗಢವಾಲದ್ದು), ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ, ಹೀಗೆ ಅಲಕನಂದಾ ನದಿಯ ಬದಿ ಹಿಡಿದು ತಿರುವೋ ತಿರುವು. ರುದ್ರಪ್ರಯಾಗದಲ್ಲಿ ಕೇದಾರದ ದಾರಿ ಒಡೆಯುತ್ತದೆ, ಊಖಿಮಠ ಆ ಕಡೆಗೆ. ಕೇದಾರದ ರಾವಲರು, ಅಂದರೆ ಅಲ್ಲಿಯ ಮುಖ್ಯ ಗುರುಗಳು, ಪರಂಪರೆಯಿಂದ ಕರ್ನಾಟಕದ ಕಡೆಯ ವೀರಶೈವರೇ ಆಗಿ ಬಂದಿರೋದರಿಂದ ನಮ್ಮ ಕಡೆಯ ಸುಮಾರು ಜನಕ್ಕೆ ಅಲ್ಲಿಯವರೆಗಿನ ರಸ್ತೆ ಗೊತ್ತು. ನಮ್ಮ ಜೀಪಿನಲ್ಲಿದ್ದವರಲ್ಲಿ ಇಬ್ಬರು ಕರ್ಣಪ್ರಯಾಗದ ಹೊತ್ತಿಗೆ ವಾಂತಿ ಮಾಡಿ ಮುಗಿಸಿದ್ದರು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ದಾವಣಗೆರೆ ಮೇಲೆ ಹಾದುಹೋಗುವ ಸಂಪರ್ಕ ಕ್ರಾಂತಿ ಹತ್ತಿದರೆ ದೆಹಲಿಗೇ ಒಂದೂವರೆ ದಿನದ ಹತ್ತಿರ. ಬೆಂಗಳೂರಿಗೆ ಹೋಗಿ ಡೆಹ್ರಾಡೂನ್‌ಗೆ ವಿಮಾನ ಹಿಡಿದರೂ ಮೊದಲ ರಾತ್ರಿ ಋಷಿಕೇಶದಲ್ಲಿ, ಎರಡನೇ ರಾತ್ರಿ ಜೋಶಿಮಠದಲ್ಲಿ. ಬರುವಾಗಲೂ ಅಷ್ಟೇ. ಅಂದರೆ ಎರಡು ದಿನದ ಹಿಮಕ್ಕೆ ನಾಲ್ಕು ದಿನದ ಪ್ರಯಾಣ. ಇದು ಯಾವ ವ್ಯಾಪಾರ ಹೇಳಿ?

ಇನ್ನೊಂದು ಮಾತು. ಜೋಶಿಮಠದಿಂದ ಔಲಿಗೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇದೆ ಅಂತ ಹಳೇ ವಿಡಿಯೊಗಳಲ್ಲಿ ನೋಡಿರುತ್ತೀರಿ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು, ನೂರಾರು ಮನೆಗಳ ಗೋಡೆ ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ನಾವು ಹೋದದ್ದು ಅದರ ಮುಂದಿನ ವರ್ಷ. ನಮ್ಮ ಟಿಕೆಟ್ ಮಾಡಿಸಿದ ಏಜೆಂಟ್ ಮಾತ್ರ "ಪ್ಯಾಕೇಜಲ್ಲಿ ರೋಪ್‌ವೇ ಸೇರಿದೆ ಸರ್" ಅಂತ ದುಡ್ಡು ತೆಗೆದುಕೊಂಡಿದ್ದ. ಹೋಗಿ ನೋಡಿದರೆ ಬೀಗ. ಫೋನ್ ಮಾಡಿದರೆ "ಓಹ್ ಹೌದಾ ಸರ್" ಅಂದ, ದುಡ್ಡು ಇವತ್ತಿಗೂ ಬಂದಿಲ್ಲ. ನೀವು ರಸ್ತೆಯನ್ನೇ ನಂಬಿ. ಹಿಮ ಜಾಸ್ತಿ ಬಿದ್ದ ದಿನ ಟೈರಿಗೆ ಸರಪಳಿ ಸುತ್ತಿದ ಅಲ್ಲಿಯ ಜೀಪುಗಳೇ ಗತಿ.

ಇನ್ನು ಹಿಮದ್ದು. ನಮ್ಮಲ್ಲಿ ಮಂಜು ಅಂದರೆ ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ಕನ್ನಡಕ ಮಸುಕಾಗೋದು. ಅದಕ್ಕೇ ನಾನು ಹಿಮ ಅನ್ನುತ್ತಿದ್ದೇನೆ. ಚಳಿಗಾಲದಲ್ಲಿ ಅಲ್ಲಿ ಹಿಮ ತರೋದು ಪಶ್ಚಿಮದ ಗಾಳಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಮೋಡಗಳು ಇರಾನ್, ಅಫ್ಘಾನಿಸ್ತಾನ ದಾಟಿ ಹಿಮಾಲಯಕ್ಕೆ ಬಡಿಯಬೇಕು. ಬಂದರೆ ಬಂತು, ಇಲ್ಲದಿದ್ದರೆ ಜನವರಿ ಅರ್ಧ ಆದರೂ ಕಂದು ಹುಲ್ಲು. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಔಲಿಯಲ್ಲಿ ಹಿಮ ಮಾಡುವ ಯಂತ್ರಗಳನ್ನು ಹಾಕಿದ್ದರು. ಆದರೆ ಆ ಯಂತ್ರಕ್ಕೂ ಸೊನ್ನೆಗಿಂತ ಕೆಳಗಿನ ಚಳಿ ಬೇಕು, ಬಿಸಿಲಲ್ಲಿ ನೀರು ಚಿಮ್ಮಿಸಿದರೆ ನೀರೇ ಬೀಳುತ್ತೆ ಅಲ್ವಾ. ಹಿಮ ಸಾಲದೆ ಸ್ಕೀ ಸ್ಪರ್ಧೆಗಳೇ ರದ್ದಾದ ವರ್ಷಗಳಿವೆ. ಅದಕ್ಕೇ ಜನವರಿ 26ರ ಸುತ್ತ ಎರಡೇ ದಿನ ಇಟ್ಟುಕೊಂಡು ಹೋಗೋದು ಲಾಟರಿ. ಫೆಬ್ರುವರಿ ಮೊದಲ ಮೂರು ವಾರ ವಾಸಿ, ಅದರಲ್ಲೂ ಕೈಯಲ್ಲಿ ಒಂದೆರಡು ದಿನ ಜಾಸ್ತಿ ಇರಲಿ.

ಈಗ ಕಲಿಯೋ ವಿಷಯ. ಔಲಿಯಲ್ಲಿ ಕಾಲಿಟ್ಟ ಕೂಡಲೇ ಬಾಡಿಗೆ ಸ್ಕೀ (ಹಿಮದ ಮೇಲೆ ಜಾರೋಕೆ ಬೂಟಿಗೆ ಸಿಕ್ಕಿಸುವ ಉದ್ದನೆ ಪಟ್ಟಿ) ಹಿಡಿದುಕೊಂಡು ಹುಡುಗರು ಸುತ್ತುವರಿಯುತ್ತಾರೆ, ಗಂಟೆಗೆ ಇಷ್ಟು ಅಂತ. ಒಳ್ಳೆ ಹುಡುಗರು, ಅವರ ಮೇಲೆ ನನಗೆ ದೂರಿಲ್ಲ. ನಿಮ್ಮ ಕೈ ಹಿಡಿದುಕೊಂಡು ಹಿಂದಕ್ಕೆ ನಡೆಯುತ್ತಾ ಐವತ್ತು ಅಡಿ ಇಳಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಮುಗೀತು. ಕಲಿಯಬೇಕು ಅಂದರೆ ಗಢವಾಲ್ ಮಂಡಲ್ ವಿಕಾಸ್ ನಿಗಮ ನಡೆಸುವ ಕೋರ್ಸ್ ನೋಡಿ. ಅದು ಅಲ್ಲಿಯ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ. 7 ದಿನದ್ದು, 14 ದಿನದ್ದು ಅಂತ ಎರಡು ಇದೆ. ಊಟ, ವಸತಿ, ಸ್ಕೀ, ಬೂಟು, ಹೇಳಿಕೊಡುವವರು ಎಲ್ಲ ಸೇರಿಯೇ ಇರುತ್ತೆ. ನಿಮಗೆ 7 ದಿನದ್ದು ಸಾಕು.

ಮೊದಲ ದಿನ ಬೂಟು ಹಾಕಿಕೊಳ್ಳೋದಕ್ಕೇ ಅರ್ಧ ಗಂಟೆ ಹಿಡಿಯಿತು. ಇದು ನಮ್ಮ ಶೂ ಥರ ಅಲ್ಲ, ಮೀನಖಂಡದ ಅರ್ಧದವರೆಗೆ ಗಟ್ಟಿ ಪ್ಲಾಸ್ಟಿಕ್, ಮುಂದೆ ನಾಲ್ಕು ಕ್ಲಿಪ್. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಕ್ಲಿಪ್ ಎಳೆಯಬೇಕು. ಬೆಚ್ಚಗಿರಲಿ ಅಂತ ನಾನು ಎರಡು ಜೊತೆ ಕಾಲುಚೀಲ ಹಾಕಿದ್ದೆ. ಅದು ತಪ್ಪು. ಒಂದೇ ಜೊತೆ, ಉದ್ದದ್ದು, ಉಣ್ಣೆಯದು ಇರಬೇಕು. ಎರಡಾದರೆ ಒಳಗೆ ಮಡಿಕೆ ಬಿದ್ದು ರಕ್ತ ಓಡೋದಿಲ್ಲ, ಬೆರಳು ಇನ್ನೂ ತಣ್ಣಗಾಗುತ್ತೆ. ಬೂಟಿನಲ್ಲಿ ಎದ್ದು ನಿಂತರೆ ಮೊಣಕಾಲು ತಾನಾಗಿ ಮುಂದಕ್ಕೆ ಬಾಗಿರುತ್ತೆ, ನೆಟ್ಟಗೆ ನಿಲ್ಲೋಕೇ ಬಿಡೋದಿಲ್ಲ. ಅದು ಯಾಕೆ ಹಾಗೆ ಅಂತ ಮೂರನೇ ದಿನ ಅರ್ಥ ಆಯಿತು.

ಇಳಿಜಾರು ಕಂಡ ಕೂಡಲೇ ನಮಗೆ ಭಯ. ಭಯಕ್ಕೆ ಮೈ ಹಿಂದಕ್ಕೆ ವಾಲುತ್ತೆ, ಕುಂಡಿ ಕೆಳಗೆ ಹೋಗುತ್ತೆ. ಹಿಂದಕ್ಕೆ ವಾಲಿದ ತಕ್ಷಣ ಸ್ಕೀಯ ಮುಂಭಾಗದ ಮೇಲೆ ಭಾರ ಇರೋದಿಲ್ಲ, ಅದು ನಿಮ್ಮ ಮಾತು ಕೇಳೋದನ್ನು ಬಿಟ್ಟು ಇನ್ನೂ ಜೋರಾಗಿ ಓಡುತ್ತೆ. ಹೆದರಿ ಹಿಂದೆ ವಾಲಿದಷ್ಟೂ ವೇಗ ಜಾಸ್ತಿ, ವೇಗ ಜಾಸ್ತಿ ಆದಷ್ಟೂ ಹೆದರಿಕೆ. ನಮಗೆ ಹೇಳಿಕೊಡುತ್ತಿದ್ದ ಗಢವಾಲಿ ಮಾಸ್ತರರು ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಮಾತು ಕೂಗುತ್ತಿದ್ದರು, "ಭಾಯಿ ಸಾಬ್, ಆಗೇ ಝುಕೋ!" ಮುಂದಕ್ಕೆ ಬಾಗಿ ಮೊಣಕಾಲಿನ ಕೆಳಗಿನ ಮುಂದಿನ ಎಲುಬನ್ನು ಬೂಟಿನ ನಾಲಗೆಗೆ ಒತ್ತಬೇಕು. ಆಮೇಲೆ ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂಭಾಗ ಅಗಲ, ಪಾದದ ಒಳಬದಿಯಿಂದ ಒತ್ತು. ಮೇಲಿಂದ ನೋಡಿದರೆ ತುದಿಗೆ ತುದಿ ಜೋಡಿಸಿದ ಎರಡು ರೀಪಿನ ಹಾಗೆ, ಮೊನೆ ಮುಂದೆ. ಎಷ್ಟು ಅಗಲ ಮಾಡುತ್ತೀರೋ ಅಷ್ಟು ಬ್ರೇಕ್.

ಬೀಳೋದಕ್ಕೂ ಕ್ರಮ ಇದೆ. ಪಕ್ಕಕ್ಕೆ ಬೀಳಿ, ಹಿಂದಕ್ಕೆ ಬೇಡ. ಬಿದ್ದ ಮೇಲೆ ಗಾಬರಿಯಲ್ಲಿ ಏಳಬೇಡಿ. ಸ್ಕೀಗಳನ್ನು ಇಳಿಜಾರಿಗೆ ಅಡ್ಡ ಮಾಡಿಕೊಂಡು, ಮೈ ಮೇಲ್ಭಾಗದಲ್ಲಿ, ಕಾಲು ಕೆಳಭಾಗದಲ್ಲಿ ಬರುವ ಹಾಗೆ ಹೊರಳಿ, ಆಮೇಲೆ ಕೈ ಊರಿ ಏಳಬೇಕು. ನಾನು ಇಳಿಜಾರಿನ ನೇರಕ್ಕೆ ಇಟ್ಟುಕೊಂಡೇ ಏಳೋಕೆ ಹೋಗಿ, ಕೂತಲ್ಲೇ ಇನ್ನಷ್ಟು ದೂರ ಜಾರಿ ಪುಣೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳನ್ನು ಕೆಡವಿದೆ. ಪಾಪ, ಆಕೆಯೇ ಕ್ಷಮೆ ಕೇಳಿದಳು. ಕೈಕೋಲಿನ ಪಟ್ಟಿಯನ್ನು ಮಾಸ್ತರರು ತೋರಿಸಿದ ಹಾಗೆ ಸುತ್ತಿಕೊಳ್ಳಿ, ಬಿದ್ದಾಗ ಕೋಲು ಬಿಡದೆ ಹಿಡಿದರೆ ಹೆಬ್ಬೆರಳು ಉಳುಕುತ್ತೆ. ಬೂಟಿಗೂ ಸ್ಕೀಗೂ ಮಧ್ಯೆ ಇರುವ ಬೈಂಡಿಂಗ್ ಕಾಲು ತಿರುಚಿದಾಗ ತಾನೇ ಬಿಟ್ಟುಕೊಳ್ಳಬೇಕು. ಅದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ನೋಡಿ ಸರಿ ಮಾಡುತ್ತಾರೆ. ತೂಕ ಕೇಳಿದಾಗ ಐದು ಕೆ.ಜಿ. ಕಮ್ಮಿ ಹೇಳೋ ಚಟ ಇಲ್ಲಿ ಬೇಡ.

ಬಟ್ಟೆಯ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ಸಂಕಟ ಆಗುತ್ತೆ. ನಮ್ಮೂರು ಬೆಳೆದದ್ದೇ ಹತ್ತಿಯಿಂದ, ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಆದರೆ ಹಿಮದಲ್ಲಿ ಹತ್ತಿ ಬಟ್ಟೆಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬನಿಯನ್ ಬೆವರು ಕುಡಿದು ಒದ್ದೆಯಾಗುತ್ತೆ, ಒಣಗೋದಿಲ್ಲ, ನಿಂತ ಕೂಡಲೇ ಬೆನ್ನಿಗೆ ಐಸ್ ಇಟ್ಟ ಹಾಗೆ. ಜೀನ್ಸ್ ಅಂತೂ ಬೇಡವೇ ಬೇಡ. ಮೈಗೆ ತಾಗುವಲ್ಲಿ ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ಬೆಚ್ಚಗಿನದು, ಅದರ ಮೇಲೆ ನೀರು ಇಳಿಯದ ಜಾಕೆಟ್, ಪ್ಯಾಂಟು. ಬಿಸಿಲಿಗೂ ಹುಷಾರು. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳನ್ನು ನೂರಕ್ಕೆ 80ರಷ್ಟು ವಾಪಸ್ ಎಸೆಯುತ್ತೆ. ಕನ್ನಡಕ ಇಲ್ಲದೆ ಅರ್ಧ ದಿನ ನಿಂತರೆ ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗಾಗುತ್ತೆ. ನನಗೆ ಸುಟ್ಟದ್ದು ಗಲ್ಲದ ಕೆಳಭಾಗ, ಯಾಕಂದರೆ ಬಿಸಿಲು ಕೆಳಗಿಂದ ಬರುತ್ತೆ ಅಂತ ಯಾರು ಅಂದುಕೊಳ್ಳುತ್ತಾರೆ?

ತಯಾರಿ ಇಲ್ಲೇ ಮಾಡಿಕೊಳ್ಳಬಹುದು. ಭಾನುವಾರ ಬೆಳಿಗ್ಗೆ ಚಿತ್ರದುರ್ಗಕ್ಕೆ ಹೋಗಿ ಕೋಟೆ ಹತ್ತಿ. ಹತ್ತೋದಕ್ಕಿಂತ ಇಳಿಯೋದು ಮುಖ್ಯ. ಗೋಪಾಲಸ್ವಾಮಿ ಹೊಂಡದ ಕಡೆಯಿಂದ ನಿಧಾನಕ್ಕೆ, ಮೊಣಕಾಲು ಬಾಗಿಸಿಕೊಂಡೇ ಇಳಿಯಿರಿ. ತೊಡೆ ನಡುಗುತ್ತೆ ಅಲ್ವಾ, ಸ್ಕೀ ಮೇಲೆ ದಿನವಿಡೀ ಕೆಲಸ ಮಾಡೋದು ಅದೇ ಸ್ನಾಯು. ಎಂಟು ಭಾನುವಾರ ಮಾಡಿದರೆ ಸಾಕು. ಔಲಿಯ ಇಳಿಜಾರುಗಳಿರೋದು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿ. ಮೊದಲ ದಿನ ತಲೆ ಭಾರ ಅನ್ನಿಸಬಹುದು, ಅದಕ್ಕೇ ಒಂದು ರಾತ್ರಿ ಕೆಳಗೆ ಜೋಶಿಮಠದಲ್ಲಿ ಇದ್ದು ಹತ್ತಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಸಾಹಸ ಕ್ರೀಡೆ ಸೇರಿದೆಯಾ ಅಂತ ಓದಿ ನೋಡಿ, ದೊಡ್ಡ ಆಸ್ಪತ್ರೆ ಅಂದರೆ ಋಷಿಕೇಶದ ಏಮ್ಸ್‌ವರೆಗೆ ಇಳಿಯಬೇಕು.

"ನಮ್ಮಂಥ ಬಯಲುಸೀಮೆಯವರಿಗೆ ಇದೆಲ್ಲ ಯಾಕೆ" ಅಂತ ಮನೆಯಲ್ಲಿ ಯಾರಾದರೂ ಅಂದರೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳಿ. 2024ರಲ್ಲಿ ಗುಲ್ಮಾರ್ಗ್‌ನಲ್ಲಿ ನಡೆದ ಖೇಲೊ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀ ಓಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮ ಬೀಳದ ರಾಜ್ಯದವರು.

ಸರಿ, ಈಗ ನಿಮ್ಮ ನಾಲ್ಕು ಜನದ ಲೆಕ್ಕ. ರಜೆ ಎರಡೇ ದಿನ ಅನ್ನೋದಾದರೆ ಸ್ಕೀಯಿಂಗ್ ಮಾತು ಬಿಡಿ, ಬೆಳಿಗ್ಗೆ ಬೇಗ ಎದ್ದು 7,816 ಮೀಟರ್‌ನ ನಂದಾದೇವಿಗೆ ಬಿಸಿಲು ಬೀಳೋದನ್ನು ನೋಡಿಕೊಂಡು ಬನ್ನಿ. ಕಲಿಯಬೇಕು ಅನ್ನೋದಾದರೆ ಈ ವರ್ಷದ ರಜೆ ಉಳಿಸಿ, ಮುಂದಿನ ಫೆಬ್ರುವರಿಗೆ ಹನ್ನೆರಡು ದಿನ ಬರೆಸಿಕೊಳ್ಳಿ. ಮಂಡಿ ಆಪರೇಶನ್ ಆದ ಗೆಳೆಯರಿಗೆ ಮೂಳೆ ಡಾಕ್ಟರು ಬರೆದುಕೊಡದ ಹೊರತು ಸ್ಕೀ ಕಟ್ಟಬೇಡಿ. ಸ್ಕೀಯಲ್ಲಿ ಮೊದಲು ಹೋಗೋದೇ ಮಂಡಿಯ ಲಿಗಮೆಂಟು. ಹಾಗಂತ ಅವರನ್ನು ಬಿಟ್ಟು ಹೋಗಬೇಡಿ. ಡಾಕ್ಟರು ನಡೆಯಬಹುದು ಅಂದರೆ ಔಲಿಯಿಂದ ಮೂರು ಕಿ.ಮೀ. ಮೇಲೆ ಗೋರ್ಸೋ ಬುಗ್ಯಾಲ್ ಅಂತ ಹುಲ್ಲುಗಾವಲಿದೆ, ಅಲ್ಲಿಗೆ ಗೈಡ್ ಜೊತೆ ನಿಧಾನಕ್ಕೆ ನಡೆದು ಬರಲಿ. ಮಧ್ಯಾಹ್ನ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಇಳಿಜಾರಿನ ಬುಡದಲ್ಲಿ ಕೂತು ನೀವು ಮೂವರು ಬೀಳೋದರ ವಿಡಿಯೊ ಮಾಡಲಿ. ನಮ್ಮ ಗುಂಪಿನಲ್ಲಿ ಆ ಕೆಲಸ ಯಾರೂ ಮಾಡಲಿಲ್ಲ, ಪುಣೆಯವಳನ್ನು ಕೆಡವಿದ್ದಕ್ಕೆ ನನ್ನ ಹತ್ತಿರ ಈಗ ಸಾಕ್ಷಿಯೇ ಇಲ್ಲ.